ಹಿಂಬದಿಯ ಗೇಟು: ಉದ್ಯಾನದ ನೆಲದಲ್ಲಿ ಎದ್ದ ಖಾಸಗಿ ಕ್ರೀಡಾ ಕೇಂದ್ರವೊಂದರ ವಿಮರ್ಶೆ

ಈ ಕ್ರೀಡಾ ಕೇಂದ್ರದಲ್ಲಿ ನಾನು ಒಂದು ವರ್ಷ ಸದಸ್ಯಳಾಗಿದ್ದೆ. ಅದಕ್ಕೂ ಮೊದಲು, ಸಾರ್ವಜನಿಕ ಉದ್ಯಾನದ ಜಾಗದಲ್ಲಿ ಇದನ್ನು ಕಟ್ಟಕೂಡದೆಂದು ಸಲ್ಲಿಸಿದ ಆಕ್ಷೇಪಣಾ ಪತ್ರಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳಾಗಿದ್ದೆ. ಎರಡನ್ನೂ ಮೊದಲೇ ಹೇಳಿಬಿಡುವುದು ಓದುವವರಿಗೆ ನಾನು ಸಲ್ಲಿಸಬೇಕಾದ ನ್ಯಾಯ. ನಮ್ಮ ವಿರೋಧ ಫಲಿಸಲಿಲ್ಲ, ಕಟ್ಟಡ ಎದ್ದಿತು, ಮಗಳಿಗೆ ಬ್ಯಾಡ್ಮಿಂಟನ್ ಕಲಿಯುವ ಆಸೆ ಬಲವಾಗಿತ್ತು, ಹತ್ತಿರದಲ್ಲಿ ಬೇರೆ ಒಳಾಂಗಣ ಇರಲಿಲ್ಲ. ಹೀಗಾಗಿ ಸಹಿ ಹಾಕಿದ ಕೈಯಿಂದಲೇ ಸದಸ್ಯತ್ವದ ಅರ್ಜಿಯನ್ನೂ ತುಂಬಿದೆ. ಕೇಂದ್ರದ ಹೆಸರನ್ನಾಗಲಿ, ಅನುಮತಿ ಕೊಟ್ಟ ಸ್ಥಳೀಯ ಸಂಸ್ಥೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಇಂಥ ಪ್ರಸ್ತಾವ ನಿಮ್ಮ ಮನೆಯ ಬಳಿಯ ಉದ್ಯಾನಕ್ಕೂ ಬರಬಹುದಾದ್ದರಿಂದ, ಹೆಸರಿಗಿಂತ ಅನುಭವದ ವಿವರ ಹೆಚ್ಚು ಉಪಯೋಗಕ್ಕೆ ಬಂದೀತು.

ಆಟದ ಸೌಲಭ್ಯಗಳ ವಿಚಾರದಲ್ಲಿ ಇವರನ್ನು ಮನಸಾರೆ ಮೆಚ್ಚಬೇಕು. ಬ್ಯಾಡ್ಮಿಂಟನ್ ಅಂಕಣಗಳಿಗೆ ಮರದ ನೆಲಹಾಸಿನ ಮೇಲೆ ಸಿಂಥೆಟಿಕ್ ಮ್ಯಾಟ್ ಹಾಸಿದ್ದಾರೆ. ಜಿಗಿದು ಇಳಿದಾಗ ಮಂಡಿಗೆ ಪೆಟ್ಟು ಬೀಳುವುದಿಲ್ಲ. ದೀಪಗಳನ್ನು ಅಂಕಣದ ನೆತ್ತಿಯ ಮೇಲೆ ಹಾಕದೆ ಎರಡೂ ಪಕ್ಕಗಳಲ್ಲಿ ಅಳವಡಿಸಿರುವುದರಿಂದ, ಎತ್ತರಕ್ಕೆ ಹೋದ ಶಟಲ್‌ ಅನ್ನು ನೋಡುವಾಗ ಕಣ್ಣು ಕುಕ್ಕುವುದಿಲ್ಲ. ಒಳಾಂಗಣ ಕಟ್ಟಿದ ಎಷ್ಟೋ ಮಂದಿ ಈ ಒಂದು ವಿಷಯದಲ್ಲೇ ಎಡವುತ್ತಾರೆ. ಚಾವಣಿ ಸಾಕಷ್ಟು ಎತ್ತರಕ್ಕಿದೆ, ಗೋಡೆಗೆ ಹಚ್ಚಿದ ಗಾಢ ಬಣ್ಣದ ಹಿನ್ನೆಲೆಯಲ್ಲಿ ಬಿಳಿಯ ಗರಿ ಸ್ಪಷ್ಟವಾಗಿ ಕಾಣುತ್ತದೆ, ಶೌಚಾಲಯ ಸದಾ ಸ್ವಚ್ಛ. ತರಬೇತುದಾರರು ಮೊದಲ ಎರಡು ವಾರ ಮಕ್ಕಳ ಕೈಗೆ ಶಟಲ್ ಕೊಡಲೇ ಇಲ್ಲ. ಹೆಜ್ಜೆ ಇಡುವುದನ್ನು, ರಾಕೆಟ್ ಹಿಡಿಯುವುದನ್ನು ಮಾತ್ರ ಕಲಿಸಿದರು. ಬೇಸರಪಟ್ಟುಕೊಂಡಿದ್ದ ನನ್ನ ಮಗಳು ಮೂರನೆಯ ತಿಂಗಳಲ್ಲಿ ಹಿಂದಕ್ಕೆ ಓಡಿ ಹೊಡೆಯುವ ಹೊಡೆತವನ್ನು ಒಂದೇ ಲಯದಲ್ಲಿ ಮುಗಿಸಿದಾಗ ಆ ಎರಡು ವಾರಗಳ ಬೆಲೆ ತಿಳಿಯಿತು. ಇಂಥ ಗುರುಗಳು ಎಲ್ಲಿ ಸಿಕ್ಕರೂ ಬಿಡಬಾರದು.

ಹೊರಗಿನ ಟರ್ಫ್ ಮೈದಾನದ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಕೃತಕ ಹುಲ್ಲಿನ ಎಸಳುಗಳ ನಡುವೆ ಮರಳಿನ ಜೊತೆಗೆ ಹಳೆಯ ಟೈರುಗಳ ರಬ್ಬರಿನ ಕಪ್ಪು ಪುಡಿಯನ್ನು ತುಂಬಿದ್ದಾರೆ. ಆ ಪುಡಿ ಶೂಗಳ ಒಳಗೆ, ಸಾಕ್ಸಿನ ಮಡಿಕೆಗಳಲ್ಲಿ, ಕೊನೆಗೆ ಮನೆಯ ಬಚ್ಚಲಿನ ಜಾಲರಿಯಲ್ಲಿ ಸಿಗುತ್ತದೆ. ಮಳೆ ಬಂದಾಗ ಮೈದಾನದ ಅಂಚಿನಿಂದ ಚರಂಡಿಗೂ ಇಳಿಯುತ್ತದೆ. ಈ ಬಗೆಯ ಪುಡಿಯನ್ನು ಸೂಕ್ಷ್ಮ ಪ್ಲಾಸ್ಟಿಕ್ ಎಂದು ಪರಿಗಣಿಸಿದ ಯುರೋಪಿಯನ್ ಒಕ್ಕೂಟ 2023ರಲ್ಲಿ ನಿಯಮ ಮಾಡಿ, ಎಂಟು ವರ್ಷಗಳ ಕಾಲಾವಕಾಶದ ನಂತರ, ಅಂದರೆ 2031ರ ಅಕ್ಟೋಬರ್‌ನಿಂದ, ಅದರ ಮಾರಾಟವನ್ನು ನಿಷೇಧಿಸಿದೆ. ಬಿಸಿಲಿನಲ್ಲಿ ಕೃತಕ ಹುಲ್ಲು ನಿಜವಾದ ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತದೆ. ಮೇಲ್ಮೈ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿದ ಅಳತೆಗಳೂ ಇವೆ. ಮಧ್ಯಾಹ್ನದ ಹೊತ್ತು ಇಲ್ಲಿ ಆಡಲು ಬರುವವರು ಕಡಿಮೆ, ಆದ್ದರಿಂದ ಮೈದಾನ ಖಾಲಿ ಬಿದ್ದಿರುತ್ತದೆ. ಖಾಲಿ ಇದ್ದರೂ ಅದಕ್ಕೆ ಬೀಗ. ಮೊದಲು ಅದೇ ಜಾಗದಲ್ಲಿ ಮರಗಳ ನೆರಳಿದ್ದುದರಿಂದ ಮಧ್ಯಾಹ್ನವೇ ಜನ ಹೆಚ್ಚಾಗಿ ಬಂದು ಕೂರುತ್ತಿದ್ದರು.

ಬುಕಿಂಗ್ ಆ್ಯಪ್ ಚೆನ್ನಾಗಿ ಕೆಲಸ ಮಾಡುತ್ತದೆ, ಹಣ ಮರುಪಾವತಿಯೂ ತಡವಾಗುವುದಿಲ್ಲ. ಸದಸ್ಯರಿಗೆ ಸ್ಲಾಟುಗಳು ಮೊದಲು ತೆರೆದುಕೊಳ್ಳುತ್ತವೆ, ಉಳಿದಿದ್ದು ಸಾರ್ವಜನಿಕರಿಗೆ. ಬೆಳಗಿನ ಮತ್ತು ಸಂಜೆಯ ಹೊತ್ತು ಉಳಿಯುವುದು ಅಪರೂಪ.

ಇಷ್ಟರಲ್ಲೇ ನಿಲ್ಲಿಸಿದ್ದರೆ ಇದು ಎಲ್ಲ ವಿಮರ್ಶೆಗಳಂತೆ ಆಗುತ್ತಿತ್ತು, ನಾನೂ ಒಳ್ಳೆಯ ಅಂಕವನ್ನೇ ಕೊಡುತ್ತಿದ್ದೆ. ಆದರೆ ಈ ಕೇಂದ್ರ ಖಾಸಗಿ ನಿವೇಶನದಲ್ಲಿ ನಿಂತಿಲ್ಲ. ಸಾರ್ವಜನಿಕರ ನೆಲವನ್ನು ದೀರ್ಘಾವಧಿ ಗುತ್ತಿಗೆಗೆ ಪಡೆಯುವಾಗ ಇವರು ಎರಡು ಬಗೆಯ ಗ್ರಾಹಕರಿಗೆ ಮಾತು ಕೊಟ್ಟಿದ್ದಾರೆ. ಶುಲ್ಕ ಕಟ್ಟುವ ಸದಸ್ಯರು ಒಂದು ಬಗೆ. ಏನನ್ನೂ ಕಟ್ಟದ, ಆದರೆ ನೆಲದ ನಿಜವಾದ ಒಡೆಯರಾದ ಸುತ್ತಲಿನ ಜನ ಇನ್ನೊಂದು ಬಗೆ. ಗುತ್ತಿಗೆಯ ಕರಾರಿನಲ್ಲಿ ಉದ್ಯಾನದ ಉಳಿದ ಭಾಗಕ್ಕೆ ಮುಕ್ತ ಪ್ರವೇಶ, ದಿನದ ಕೆಲವು ಗಂಟೆ ಉಚಿತ ಆಟ, ಹತ್ತಿರದ ಶಾಲೆಗಳ ಮಕ್ಕಳಿಗೆ ನಿಗದಿತ ಅವಧಿ ಎಂದು ಬರೆದಿದೆ. ಸದಸ್ಯರಿಗೆ ಕೊಟ್ಟ ಮಾತನ್ನು ಇವರು ಚಾಚೂ ತಪ್ಪದೆ ನಡೆಸಿಕೊಟ್ಟಿದ್ದಾರೆ. ಹೊರಗಿನವರಿಗೆ ಕೊಟ್ಟ ಮಾತು ಏನಾಯಿತೆಂದು ಪರೀಕ್ಷಿಸಿದ ಒಂದು ವಿಮರ್ಶೆಯೂ ನನಗೆ ಎಲ್ಲೂ ಕಾಣಲಿಲ್ಲ. ಅದಕ್ಕಾಗಿಯೇ ಇದನ್ನು ಬರೆಯಲು ಕುಳಿತೆ.

ಕೇಂದ್ರಕ್ಕೆ ಎರಡು ದ್ವಾರಗಳಿವೆ. ವಾಹನ ನಿಲುಗಡೆಯ ಪಕ್ಕದಲ್ಲಿರುವ ಗಾಜಿನ ಬಾಗಿಲಲ್ಲಿ ಬೆರಳಚ್ಚು ಒತ್ತಿದರೆ ಸದಸ್ಯರು ಒಳಗೆ ಹೋಗಬಹುದು. ಸಾರ್ವಜನಿಕರಿಗೆಂದು ಬಿಟ್ಟ ದಾರಿ ಹಿಂಬದಿಯಲ್ಲಿ, ಪಂಪ್‌ಹೌಸಿನ ಪಕ್ಕದಲ್ಲಿದೆ: ಒಬ್ಬರು ಮಾತ್ರ ನುಗ್ಗಬಹುದಾದ ಕಬ್ಬಿಣದ ಗೇಟು, ಅದಕ್ಕೊಂದು ಸರಪಳಿ, ಸರಪಳಿಗೊಂದು ಬೀಗ. ಗಾಲಿಕುರ್ಚಿಯಾಗಲಿ ಮಗುವಿನ ಗಾಡಿಯಾಗಲಿ ಅದರಲ್ಲಿ ದಾಟುವುದಿಲ್ಲ. ಸಮಯದ ಫಲಕ ಇದೆ. ಗೇಟು ತೆರೆದಾಗ ಫಲಕವಿರುವ ಬದಿ ಗೋಡೆಗೆ ಒರಗಿ ಮರೆಯಾಗುತ್ತದೆ. ನನ್ನ ತಂದೆಯವರಿಗೆ ಎಂಬತ್ತು ದಾಟಿದೆ. ಉದ್ಯಾನದ ಆ ಮೂಲೆಯಿಂದ ಈ ಮೂಲೆಗೆ ನಡೆದು, ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಹಿಂತಿರುಗುವುದು ಅವರ ಎಷ್ಟೋ ವರ್ಷಗಳ ಅಭ್ಯಾಸ. ಬೇಲಿ ಬಂದ ಮೇಲೆ ಆ ದಾರಿ ನಡುವೆ ಕಡಿದುಹೋಯಿತು. ಒಂದು ಬೆಳಿಗ್ಗೆ ಫಲಕದಲ್ಲಿ ಬರೆದ ಹೊತ್ತಿಗೇ ಹೋಗಿ ಗೇಟಿನ ಮುಂದೆ ನಿಂತರು. ಒಳಗಿದ್ದ ಕಾವಲುಗಾರನನ್ನು "ಯಾಕಪ್ಪಾ, ಇವತ್ತು ತೆಗೆಯೋದಿಲ್ವಾ?" ಎಂದು ಕೇಳಿದರು. ಅವನು ಎದ್ದು ಬಂದು, "ಕೀಲಿ ಆಫೀಸಲ್ಲಿದೆ ತಾತ, ಸಾಹೇಬ್ರು ಬಂದ್ಮೇಲೆ ಕೊಡ್ತಾರೆ" ಎಂದ. ಅವನ ಮಾತಿನಲ್ಲಿ ಒರಟುತನವಿರಲಿಲ್ಲ, ಸಂಕೋಚವಿತ್ತು. ತಂದೆಯವರು ಕಂಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ತಮ್ಮ ಬೆಂಚನ್ನು ನೋಡಿ ಮನೆಗೆ ಬಂದರು.

ಅಂದಿನಿಂದ ಒಂದು ತಿಂಗಳು ನಾನು ಮಗಳನ್ನು ಬಿಡಲು ಹೋದಾಗಲೆಲ್ಲ ಹಿಂಬದಿಗೆ ಸುತ್ತಿ ಹೋಗಿ, ಗೇಟು ತೆರೆದಿದೆಯೇ ಎಂದು ಡೈರಿಯಲ್ಲಿ ಬರೆದಿಟ್ಟೆ. ಮುಚ್ಚಿದ್ದ ದಿನಗಳೇ ಹೆಚ್ಚು. ಪಂದ್ಯಾವಳಿ ಇದ್ದ ವಾರ ಪೂರ್ತಿ ಮುಚ್ಚಿತ್ತು. ಒಂದು ದಿನ ಅರ್ಧ ಗಂಟೆ ತಡವಾಗಿ ತೆರೆದು, ಮುಚ್ಚುವ ಹೊತ್ತಿಗೆ ಸರಿಯಾಗಿ ಮುಚ್ಚಿದರು. ವ್ಯವಸ್ಥಾಪಕರಿಗೆ ಈ ಟಿಪ್ಪಣಿಯನ್ನು ತೋರಿಸಿದಾಗ ಅವರು ಸೌಜನ್ಯದಿಂದಲೇ ಕೇಳಿಸಿಕೊಂಡರು, ಸಿಬ್ಬಂದಿ ಕೊರತೆ ಎಂದರು. ಅದೇ ತಿಂಗಳು ಗಾಜಿನ ಬಾಗಿಲು ಒಂದು ದಿನವೂ ತಡವಾಗಿ ತೆರೆದಿರಲಿಲ್ಲ.

ಆಟಕ್ಕೆ ನೆಲ ಬೇಡವೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಗೌರವದಿಂದಲೇ ಎದುರಿಸಬೇಕು. ಖಂಡಿತ ಬೇಕು. ಆದರೆ ಎಷ್ಟು ನೆಲಕ್ಕೆ ಎಷ್ಟು ಜನ ಎಂಬ ಲೆಕ್ಕವನ್ನೂ ನೋಡಬೇಕು. ಒಂದು ಟೆನಿಸ್ ಅಂಕಣದ ಗೆರೆಗಳ ಒಳಗಿನ ಅಳತೆ 23.77 ಮೀಟರ್ ಉದ್ದ, 10.97 ಮೀಟರ್ ಅಗಲ. ಸುತ್ತಲೂ ಓಡಲು ಬಿಡುವ ಜಾಗ ಸೇರಿದರೆ ಅದು ಸುಮಾರು 670 ಚದರ ಮೀಟರ್ ಆಗುತ್ತದೆ, ಅದರಲ್ಲಿ ಒಂದು ಹೊತ್ತಿಗೆ ಹೆಚ್ಚೆಂದರೆ ನಾಲ್ವರು ಆಡಬಹುದು. ಅಷ್ಟೇ ಅಗಲದ ಹುಲ್ಲಿನ ಮೇಲೆ ಒಂದು ಕಡೆ ಮಕ್ಕಳು ಚೆಂಡು ಒದೆಯುತ್ತ, ಇನ್ನೊಂದು ಕಡೆ ಮುದುಕರು ಬಿಸಿಲು ಕಾಯುತ್ತ, ಮರದಡಿ ಯಾರೋ ಪರೀಕ್ಷೆಗೆ ಓದುತ್ತ ಇರುತ್ತಿದ್ದರು. ಯಾರೂ ಮುಂಗಡ ಕಾದಿರಿಸಿ ಬಂದವರಲ್ಲ. ಬ್ಯಾಡ್ಮಿಂಟನ್ ಅಂಕಣದ ಗೆರೆಗಳ ಒಳಗಿನ ಜಾಗ ಸುಮಾರು 82 ಚದರ ಮೀಟರ್ ಮಾತ್ರ, ಅದನ್ನು ಯಾವ ಕಟ್ಟಡದೊಳಗೆ ಬೇಕಾದರೂ ಮಾಡಬಹುದು, ಉದ್ಯಾನವೇ ಆಗಬೇಕೆಂದಿಲ್ಲ. ಉದ್ಯಾನ ಮಾತ್ರ ಮನೆಗಳ ನಡುವೆಯೇ ಇರಬೇಕು. ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆನ್‌ಡೈಕ್ 2021ರಲ್ಲಿ ಮುಂದಿಟ್ಟ ಸೂತ್ರದ ಪ್ರಕಾರ ಪ್ರತಿ ಮನೆಯಿಂದ ಮೂರು ಮರ ಕಾಣಬೇಕು, ಪ್ರತಿ ಬಡಾವಣೆಯ 30 ಪ್ರತಿಶತ ಭಾಗಕ್ಕೆ ಮರಗಳ ನೆರಳಿರಬೇಕು, 300 ಮೀಟರ್ ಒಳಗೆ ಉದ್ಯಾನ ಇರಬೇಕು. ಎಂಬತ್ತು ದಾಟಿದವರ ಕಾಲಿಗೆ 300 ಮೀಟರ್ ಕಡಿಮೆಯ ದೂರವಲ್ಲ. ಅಷ್ಟರೊಳಗಿನ ಉದ್ಯಾನಕ್ಕೆ ಬೀಗ ಬಿದ್ದರೆ ಅವರ ಪಾಲಿಗೆ ಉದ್ಯಾನವೇ ಇಲ್ಲದಂತೆ.

ನಮ್ಮ ವಿರೋಧ ಸೋತ ಬಗೆಯನ್ನೂ ಹೇಳಬೇಕು, ಏಕೆಂದರೆ ಸೋತದ್ದು ವಾದದಲ್ಲಿ ಅಲ್ಲ, ದಿನಾಂಕದಲ್ಲಿ. ಪ್ರಸ್ತಾವದ ಸೂಚನೆಯನ್ನು ಅಚ್ಚುಹಾಕಿದ ಹಾಳೆಯೊಂದನ್ನು ಉದ್ಯಾನದ ಕಚೇರಿಯ ಒಳಗೋಡೆಗೆ ಅಂಟಿಸಿದ್ದರಂತೆ. ನಮಗೆ ತಿಳಿದದ್ದು ಮರಗಳಿಗೆ ಬಣ್ಣದ ನಂಬರು ಬಿದ್ದ ಮೇಲೆ. ಓಡಾಡಿ ಸಹಿ ಸಂಗ್ರಹಿಸಿ ಆಕ್ಷೇಪಣೆ ಕೊಡುವಷ್ಟರಲ್ಲಿ ಅವಧಿ ಮೀರಿದೆ ಎಂಬ ಉತ್ತರ ಬಂತು. ಅಹವಾಲು ಸಭೆ ನಡೆಸಿದರಾದರೂ ಆ ವೇಳೆಗೆ ಗುತ್ತಿಗೆಗೆ ಸಹಿ ಬಿದ್ದಾಗಿತ್ತು. ಸೂಚನೆ ಎಂಬುದು ಬರಿಯ ಕಾಗದದ ಶಾಸ್ತ್ರ ಎಂದು ಆಗ ನಮ್ಮಲ್ಲಿ ಹಲವರು ನಂಬಿದ್ದರು. ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ನಡೆದದ್ದನ್ನು ಓದಿದ ಮೇಲೆ ನನ್ನ ತಿಳಿವಳಿಕೆ ಬದಲಾಯಿತು. ಅಲ್ಲಿನ ಟೌನ್ ಕೌನ್ಸಿಲ್ ಒಂದು ಸಾರ್ವಜನಿಕ ಮೈದಾನದ ಭಾಗವನ್ನು 2017ರಲ್ಲಿ ಮನೆ ಕಟ್ಟುವ ಕಂಪನಿಗೆ ಮಾರಿತು. ಇಂಥ ನೆಲವನ್ನು ಮಾರುವ ಮೊದಲು ಸತತ ಎರಡು ವಾರ ಸ್ಥಳೀಯ ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕೆಂಬ ನಿಯಮವನ್ನು ಅದು ಪಾಲಿಸಿರಲಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟು, ಜಾಹೀರಾತು ಕೊಡದೆ ಮಾರಿದ ಮಾತ್ರಕ್ಕೆ ಆ ನೆಲದ ಮೇಲಿನ ಸಾರ್ವಜನಿಕರ ಹಕ್ಕು ಅಳಿಯುವುದಿಲ್ಲ ಎಂದಿತು. ಮನೆ ಕಟ್ಟಲು ಕೊಟ್ಟಿದ್ದ ಅನುಮತಿಯನ್ನೂ ರದ್ದುಪಡಿಸಿತು. ಎರಡು ವಾರದ ಜಾಹೀರಾತಿಗೆ ಇರುವ ತೂಕ ಅಷ್ಟು.

ಎರಡು ಗೇಟುಗಳ ಕಥೆಗೂ ಹಿಂದಿನದೊಂದು ಉದಾಹರಣೆಯಿದೆ. ನಾನು ಓದಿದ್ದರಲ್ಲೆಲ್ಲ ಮನಸ್ಸಿಗೆ ಹೆಚ್ಚು ನಾಟಿದ್ದೂ ಅದೇ. ನ್ಯೂಯಾರ್ಕಿನ ಮಾರ್ನಿಂಗ್‌ಸೈಡ್ ಪಾರ್ಕ್ ಕಡಿದಾದ ಇಳಿಜಾರಿನ ಮೇಲಿದೆ. ಮೇಲ್ಗಡೆ ಕೊಲಂಬಿಯಾ ವಿಶ್ವವಿದ್ಯಾಲಯ, ಕೆಳಗಡೆ ಕಪ್ಪು ಜನಾಂಗದವರು ಹೆಚ್ಚಾಗಿ ವಾಸಿಸುತ್ತಿದ್ದ ಹಾರ್ಲೆಮ್. ಉದ್ಯಾನದ ಸುಮಾರು 2 ಎಕರೆಯನ್ನು ಗುತ್ತಿಗೆಗೆ ಪಡೆದ ವಿಶ್ವವಿದ್ಯಾಲಯ ಅಲ್ಲೊಂದು ವ್ಯಾಯಾಮಶಾಲೆ ಕಟ್ಟಲು ಹೊರಟಿತು. ಕಟ್ಟಡದ ಬಹುಭಾಗ ವಿದ್ಯಾರ್ಥಿಗಳಿಗೆ, ಪ್ರವೇಶ ಮೇಲಿನಿಂದ. ಹಾರ್ಲೆಮ್ ಜನರಿಗೆ ಕೆಳಗಿನ ಸಣ್ಣ ಭಾಗ, ಪ್ರವೇಶವೂ ಕೆಳಗಿನಿಂದಲೇ. ಸಾರ್ವಜನಿಕರಿಗೂ ಪಾಲು ಕೊಟ್ಟಿದ್ದೇವೆ ಎಂಬ ಸಮರ್ಥನೆ ಆಗಲೂ ಇತ್ತು. 1968ರ ಫೆಬ್ರವರಿಯಲ್ಲಿ ಅಗೆತ ಶುರುವಾಯಿತು. ಏಪ್ರಿಲ್ 23ರಂದು ವಿದ್ಯಾರ್ಥಿಗಳು ಆ ಜಾಗಕ್ಕೆ ನುಗ್ಗಿ ಬೇಲಿಯನ್ನು ಕಿತ್ತರು, ಆಮೇಲೆ ವಿಶ್ವವಿದ್ಯಾಲಯದ ಕಟ್ಟಡಗಳನ್ನೇ ಹಿಡಿದು ಕೂತರು. ಕೆಲಸ ನಿಂತಿತು, ಮರುವರ್ಷ ಯೋಜನೆಯನ್ನು ಕೈಬಿಟ್ಟರು. ವಿಶ್ವವಿದ್ಯಾಲಯ ತನಗೆ ಬೇಕಾದ ವ್ಯಾಯಾಮಶಾಲೆಯನ್ನು 1970ರ ದಶಕದಲ್ಲಿ ತನ್ನ ಆವರಣದೊಳಗೇ, ನೆಲದ ಅಡಿಯಲ್ಲಿ ಕಟ್ಟಿಕೊಂಡಿತು. ಬೇರೆ ಜಾಗವೇ ಇಲ್ಲ ಎಂಬ ಮಾತನ್ನು ನಮ್ಮ ಸಭೆಯಲ್ಲೂ ಎಷ್ಟೋ ಸಲ ಕೇಳಿದ್ದರಿಂದ ಈ ವಿವರವನ್ನು ನಾನು ಮರೆಯಲಾರೆ. ಅಗೆದು ಬಿಟ್ಟ ಗುಂಡಿ ಸುಮಾರು ಎರಡು ದಶಕ ಹಾಗೆಯೇ ಇತ್ತು. ಈಗ ಅದು ಜಲಪಾತವಿರುವ ಕೊಳವಾಗಿದೆ.

ನಮಗೆ ಹೇಳಿದ ಇನ್ನೊಂದು ಸಮಾಧಾನವೆಂದರೆ ಬದಲಿ ಜಾಗ. ಎಷ್ಟು ಉದ್ಯಾನ ಹೋಯಿತೋ ಅಷ್ಟನ್ನು ಬೇರೆ ಕಡೆ ಕೊಡುತ್ತೇವೆ ಎಂದರು, ಕೊಟ್ಟರೆ ಒಳ್ಳೆಯದೇ. ಆದರೆ ಎಕರೆಯ ಲೆಕ್ಕದಲ್ಲಿ ವರ್ಷಗಳು ಸೇರುವುದಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬೇಸ್‌ಬಾಲ್ ತಂಡ ಯಾಂಕೀಸ್‌ನ ಹೊಸ ಕ್ರೀಡಾಂಗಣಕ್ಕಾಗಿ ಮೇಕಮ್ಸ್ ಡ್ಯಾಮ್ ಪಾರ್ಕಿನ ನೆಲವನ್ನು ಬಿಟ್ಟುಕೊಟ್ಟರು. 2006ರಲ್ಲಿ ಕೆಲಸ ಶುರುವಾಗಿ 2009ರಲ್ಲಿ ಕ್ರೀಡಾಂಗಣ ತೆರೆಯಿತು. ಹಳೆಯ ಕ್ರೀಡಾಂಗಣವನ್ನು ಕೆಡವಿ ಆ ಜಾಗದಲ್ಲಿ ಮಾಡಿಕೊಟ್ಟ ಮೈದಾನ ಸಿದ್ಧವಾದದ್ದು 2012ರಲ್ಲಿ. ಕೆಲಸ ಶುರುವಾದಾಗ ಎಂಟು ವರ್ಷದವನಾಗಿದ್ದ ಹುಡುಗನಿಗೆ ಆ ಹೊತ್ತಿಗೆ ಹದಿನಾಲ್ಕು.

ವಿರೋಧಿಸಿದವರನ್ನು ಆಟದ ವೈರಿಗಳೆಂದು, ಪ್ರಗತಿಗೆ ಅಡ್ಡಗಾಲು ಹಾಕುವವರೆಂದು ಕರೆದದ್ದು ನನಗೆ ಇಂದಿಗೂ ನೋವು ಕೊಡುತ್ತದೆ. ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ಉದ್ಯಾನದ ನೆಲವನ್ನು ಪರಭಾರೆ ಮಾಡಬಹುದೇ ಎಂಬುದಷ್ಟೇ ನಮ್ಮ ಪ್ರಶ್ನೆಯಾಗಿತ್ತು. ಉದ್ಯಾನಕ್ಕೆಂದು ಮೀಸಲಿಟ್ಟ ನಿವೇಶನವನ್ನು ನರ್ಸಿಂಗ್ ಹೋಮ್ ಕಟ್ಟಲು ಖಾಸಗಿ ಟ್ರಸ್ಟಿಗೆ ಹಂಚಿದ್ದ ಮುದ್ದಪ್ಪ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 1991ರಲ್ಲಿ ಇದನ್ನು ಪರಿಶೀಲಿಸಿ, ಹಂಚಿಕೆಯನ್ನು ರದ್ದು ಮಾಡಿದ ಹೈಕೋರ್ಟ್ ತೀರ್ಪನ್ನೇ ಎತ್ತಿಹಿಡಿಯಿತು; ಆ ಹಂಚಿಕೆಯನ್ನು ಪ್ರಶ್ನಿಸುವ ಹಕ್ಕು ಬಡಾವಣೆಯ ನಿವಾಸಿಗಳಿಗೆ ಇದೆಯೆಂದೂ ಹೇಳಿತು. ಆಸ್ಪತ್ರೆ ಕೆಟ್ಟದ್ದೆಂದು ಯಾರೂ ಹೇಳಲಾರರು. ರೋಗಿಗಳಿಗೆಂದು ಕೇಳಿದಾಗಲೂ ಉದ್ಯಾನವನ್ನು ಹಾಗೆ ಕೊಡಲಾಗದು ಎಂದ ಮೇಲೆ, ಶುಲ್ಕ ಕಟ್ಟಿದವರ ಆಟಕ್ಕೆ ಕೊಡುವ ಮೊದಲು ಇನ್ನೆಷ್ಟು ಯೋಚಿಸಬೇಕಿತ್ತು!

ಇಂಥ ಪ್ರಸ್ತಾವ ಎದುರಿಸುತ್ತಿರುವವರು ನಕ್ಷೆಯಲ್ಲಿನ ಚಂದದ ಚಿತ್ರಗಳಿಗಿಂತ ಮೊದಲು ಗುತ್ತಿಗೆಯ ಕರಡನ್ನು ಕೇಳಿ ಪಡೆಯಿರಿ. ಅವಧಿ ಎಷ್ಟು, ಸಾರ್ವಜನಿಕ ಗಂಟೆಗಳು ಯಾವ ಹೊತ್ತಿನವು, ಅವು ತಪ್ಪಿದರೆ ದಂಡವೇನು, ಲೆಕ್ಕ ಇಡುವವರು ಯಾರು ಎಂದು ನೋಡಿ. ನಮ್ಮ ಕರಾರಿನಲ್ಲಿ ಗಂಟೆಗಳಿದ್ದವು, ದಂಡ ಇರಲಿಲ್ಲ. ಹೀಗಾಗಿ ಬೀಗಕ್ಕೆ ಯಾರೂ ಹೊಣೆಯಾಗಲಿಲ್ಲ. ಸಾರ್ವಜನಿಕರ ದಾರಿಯನ್ನು ನಕ್ಷೆಯಲ್ಲಿ ಬೆರಳಿಟ್ಟು ಹುಡುಕಿ, ಅದು ಪಂಪ್‌ಹೌಸಿನ ಹಿಂದೆ ಹೋಗಿದ್ದರೆ ಅಂದೇ ಆಕ್ಷೇಪಣೆ ಬರೆಯಿರಿ. ಮರಗಳನ್ನು ಎಣಿಸಿ, ಫೋಟೋ ತೆಗೆದಿಡಿ. ಜನ ಆ ನೆಲವನ್ನು ಹೇಗೆ ಬಳಸುತ್ತಾರೆಂಬುದನ್ನು ವಾರದ ಏಳೂ ದಿನ ಬರೆದಿಡಿ. ಬಳಕೆಯಲ್ಲಿಲ್ಲದ ಪಾಳು ಜಾಗ ಎಂದು ಕಡತದಲ್ಲಿ ಒಮ್ಮೆ ಬರೆದುಬಿಟ್ಟರೆ ಅದನ್ನು ಅಳಿಸುವುದು ಬಹಳ ಕಷ್ಟ. ನಮ್ಮ ಉದ್ಯಾನದ ಬಗ್ಗೆ ಹಾಗೆಯೇ ಬರೆದಿದ್ದರು.

ಆಟದ ಸೌಲಭ್ಯಕ್ಕೆ ಐದರಲ್ಲಿ ನಾಲ್ಕೂವರೆ ಅಂಕ, ತರಬೇತಿಗೆ ಪೂರ್ತಿ ಐದು. ಸಾರ್ವಜನಿಕರಿಗೆ ಕೊಟ್ಟ ಸೇವೆಗೆ ಒಂದು. ಆ ಒಂದು ಅಂಕವೂ ಕಾವಲುಗಾರನ ಸೌಜನ್ಯಕ್ಕೆ ಸಲ್ಲಬೇಕು. ಸದಸ್ಯತ್ವವನ್ನು ನಾನು ನವೀಕರಿಸಲಿಲ್ಲ. ಮಗಳ ತರಬೇತುದಾರರು ವಾರಕ್ಕೆರಡು ದಿನ ದೂರದ ಶಾಲೆಯೊಂದರ ಒಳಾಂಗಣದಲ್ಲೂ ಕಲಿಸುತ್ತಾರೆಂದು ತಿಳಿದು ಅವಳನ್ನು ಅಲ್ಲಿಗೆ ಸೇರಿಸಿದ್ದೇನೆ. ಡೈರಿಯ ಪುಟಗಳ ನಕಲನ್ನು ನಿವಾಸಿಗಳ ಸಂಘದ ಮೂಲಕ ಸ್ಥಳೀಯ ಸಂಸ್ಥೆಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಕಳೆದ ವಾರ ಹಿಂಬದಿಯ ಗೇಟಿನ ಫಲಕವನ್ನು ಗೋಡೆಗೆ ಮರೆಯಾಗದಂತೆ ಹೊರಗಿನ ಕಂಬಕ್ಕೆ ಕಟ್ಟಿದ್ದಾರೆ. ಬೀಗ ಹಳೆಯದೇ ಇದೆ. ನಾಳೆಯಿಂದ ಎರಡನೆಯ ತಿಂಗಳ ಲೆಕ್ಕ ಬರೆಯಲು ತಂದೆಯವರು ತಾವೇ ಹೋಗುತ್ತೇನೆಂದಿದ್ದಾರೆ.